ನೀರು ಕುಡಿಯುವ ಕಾರು

ನಂಜನಗೂಡಿನಲ್ಲಿ ಚಾಮರಾಜನಗರದ ರಸ್ತೆ ಹಿಡಿದು ಸ್ವಲ್ಪ ದೂರ ಬಂದರೆ, ಪಂಕ್ಚರ್ ಅಂಗಡಿಗೂ ಗೊಬ್ಬರದ ಗೋಡೌನಿಗೂ ನಡುವೆ ಒಂದು ತಗಡಿನ ಶೆಡ್ಡಿದೆ. ಅದಕ್ಕೆ ಬೋರ್ಡಿಲ್ಲ. ಇದ್ದ ಬೋರ್ಡು ಗಾಳಿಗೆ ಬಿದ್ದ ಮೇಲೆ ಸಾಕಮ್ಮ ಮತ್ತೆ ಬರೆಸಲಿಲ್ಲ. ಬೇಕಾದವರಿಗೆ ದಾರಿ ಗೊತ್ತು. ಟ್ರ್ಯಾಕ್ಟರಿನವರು, ಭತ್ತ ಕೊಯ್ಯುವ ಮೆಷಿನ್ನಿನವರು, ತಾಂಡ್ಯದ ಕಾರ್ಖಾನೆಗಳಿಗೆ ಸರಕು ಹೊಡೆಯುವ ಹಳೇ ಲಾರಿಯವರು, ರೇಡಿಯೇಟರ್ ಸೋರತೊಡಗಿದರೆ ಬಿಚ್ಚಿ ತಂದು ಅವಳ ಮುಂದೆ ಇಡುತ್ತಾರೆ. ಹೊಸಬರು ಮಾತ್ರ ಒಳಗೆ ಇಣುಕಿ, ಮೇಸ್ತ್ರಿ ಇಲ್ಲವೇ ಎಂದು ಕೇಳುತ್ತಾರೆ. ಮೇಸ್ತ್ರಿ ತಾನೇ ಎಂದು ಹೇಳಿ ಸಾಕಮ್ಮ ಕೈ ಚಾಚುತ್ತಾಳೆ.

ಅವಳಿಗೀಗ ಐವತ್ತನಾಲ್ಕು. ತವರು ಬಿಳಿಗೆರೆ ಹತ್ತಿರದ ಹಳ್ಳಿ. ಹತ್ತೊಂಬತ್ತಕ್ಕೆ ಮಾರಯ್ಯನನ್ನು ಮದುವೆಯಾಗಿ ನಂಜನಗೂಡಿಗೆ ಬಂದಾಗ ರೇಡಿಯೇಟರ್ ಎಂದರೇನೆಂದೇ ತಿಳಿದಿರಲಿಲ್ಲ. ಮಧ್ಯಾಹ್ನ ಊಟ ತಂದವಳು ಗಂಡ ಉಣ್ಣುವ ತನಕ ಕೂತಿರಬೇಕಲ್ಲ, ಕೂತು ನೋಡುತ್ತಿದ್ದಳು. ಎಂಜಿನ್ನಿನ ಕಾವನ್ನು ನೀರು ಹೊತ್ತು ತರುತ್ತದೆ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಇಳಿಯುವಾಗ ಗಾಳಿಗೆ ತಣ್ಣಗಾಗಿ ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಎಲ್ಲಾದರೂ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಸೋರಿ ಎಂಜಿನ್ ಕಾದು ಕೂರುತ್ತದೆ. ಇಷ್ಟನ್ನು ಮಾರಯ್ಯ ಮೊದಲ ವಾರವೇ, ಅನ್ನ ಕಲೆಸುತ್ತ, ಹೇಳಿಕೊಟ್ಟಿದ್ದ.

ಸೋರುವ ಜಾಗ ಕಂಡುಹಿಡಿಯುವ ಬಗೆ ಸರಳ. ರೇಡಿಯೇಟರಿನ ಬಾಯಿಗಳನ್ನೆಲ್ಲ ರಬ್ಬರಿನಿಂದ ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಂದು ಕಡೆಯಿಂದ ಗಾಳಿ ಹೊಡೆಯಬೇಕು. ಬಿರುಕಿದ್ದಲ್ಲಿ ಗುಳ್ಳೆ ಏಳುತ್ತದೆ. ಮಾರಯ್ಯ ಪಂಪು ಹೊಡೆಯುವುದು, ಸಾಕಮ್ಮ ತೊಟ್ಟಿಯ ಮೇಲೆ ಬಗ್ಗಿ ನೋಡುವುದು. ಅವಳ ಕಣ್ಣು ಅಂಥ ಕಣ್ಣು. ಸಾಸಿವೆಗಿಂತ ಸಣ್ಣ ಗುಳ್ಳೆ, ಅರ್ಧ ನಿಮಿಷಕ್ಕೊಂದರಂತೆ ಎದ್ದರೂ ಬಿಡುತ್ತಿರಲಿಲ್ಲ. ಬರುಬರುತ್ತ ಬೆಸುಗೆಯೂ ಅವಳ ಕೈಗೆ ಬಂತು. ಮಕ್ಕಳಾಗಲಿಲ್ಲ. ಕೆಲವು ವರ್ಷ ಅದಕ್ಕಾಗಿ ಆಸ್ಪತ್ರೆ, ಹರಕೆ ಎಂದು ಅಲೆದರು. ಆಮೇಲೆ ಇಬ್ಬರೂ ಅದರ ಮಾತು ಬಿಟ್ಟು, ಬೆಳಗಿನಿಂದ ಸಂಜೆಯವರೆಗೆ ಆ ಶೆಡ್ಡಿನಲ್ಲಿ ಬೇರೆ ಮಾತಾಡುತ್ತ ಇದ್ದುಬಿಟ್ಟರು.

ಮಾರಯ್ಯ ತೀರಿಕೊಂಡು ಆರು ವರ್ಷ. ಈಗ ಪಂಪು ಹೊಡೆಯಲು ಕಂಪ್ರೆಸರ್ ಇದೆ. ಕೆಲಸಕ್ಕೆ ತೊಂದರೆಯಿಲ್ಲ. ತೊಂದರೆ ಇರುವುದು ಮನೆಯಲ್ಲಿ. ಒಬ್ಬರಿಗೆ ಮುದ್ದೆ ತೊಳಸುವುದು ಕಷ್ಟ. ಹಿಟ್ಟು ಕೋಲಿಗೆ ಸಿಗದೆ ತಳ ಹಿಡಿಯುತ್ತದೆ. ಹಾಗಾಗಿ ಅವಳು ಎರಡು ಮುದ್ದೆಗೆ ಹಿಟ್ಟು ಹಾಕುತ್ತಾಳೆ. ಒಂದನ್ನು ಬೆಳಿಗ್ಗೆ ಮಜ್ಜಿಗೆಗೆ ಕಿವುಚಿ ಕುಡಿಯುತ್ತಾಳೆ. ತಾಂಡ್ಯದಲ್ಲಿ ಕೆಲಸ ಮಾಡುವ ತಂಗಿಯ ಮಗಳು ಪವಿತ್ರ ಭಾನುವಾರಕ್ಕೊಮ್ಮೆ ಫೋನು ಮಾಡಿ, ಊಟ ಆಯಿತೇ ಎಂದು ಕೇಳುತ್ತಾಳೆ. ಆಯಿತು ಎಂದ ಮೇಲೆ ಇಬ್ಬರಿಗೂ ಮುಂದಿನ ಮಾತು ತೋಚುವುದಿಲ್ಲ.

ಒಂದು ಸಂಗತಿಯನ್ನು ಮಾತ್ರ ಸಾಕಮ್ಮ ಯಾರಿಗೂ ಹೇಳಿಕೊಂಡಿರಲಿಲ್ಲ.

ಎಂಟು ವರ್ಷದ ಹಿಂದೆ ತಿರುಮಕೂಡಲಿನಿಂದ, ಎಂದರೆ ಟಿ. ನರಸೀಪುರದಿಂದ, ಒಂದು ರೇಡಿಯೇಟರ್ ಬಂದಿತ್ತು. ಕಾರಿನ ಒಡೆಯ ಗಂಗಾಧರಸ್ವಾಮಿ ಸಿಂಗಪುರದ ಹಡಗುಕಟ್ಟೆಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದು, ಬಹಳ ವರ್ಷದ ಕೆಳಗೆ ಊರಿಗೆ ಮರಳುವಾಗ ಒಂದು ಜಪಾನಿ ಕಾರನ್ನು ಹಡಗಿನಲ್ಲಿ ತಂದವರು. ಆ ಕಾರು ನೀರು ಕುಡಿಯುತ್ತಿತ್ತು. ವಾರಕ್ಕೊಮ್ಮೆ ಎರಡು ಲೀಟರ್ ಸುರಿಯಬೇಕು. ಎಲ್ಲಿಗೆ ಹೋಗುತ್ತದೋ ಕಾಣದು. ಮಾರಯ್ಯ ರೇಡಿಯೇಟರನ್ನು ತೊಟ್ಟಿಯಲ್ಲಿ ಮುಳುಗಿಸಿ ನೋಡಿದ, ಒಂದು ಸಣ್ಣ ಬಿರುಕಿಗೆ ಬೆಸುಗೆ ಹಾಕಿ ಕಳಿಸಿದ. ನೀರು ಮತ್ತೆ ಹೋಯಿತು. ಮತ್ತೆ ತರಿಸಿ ನೋಡಿದ. ನಾಲ್ಕು ಸಲ. ಆ ಬಿರುಕು ಮುಚ್ಚಿದ ಮೇಲೆ ಒಂದು ಸಲವೂ ಸಾಕಮ್ಮನ ಕಣ್ಣಿಗೆ ಗುಳ್ಳೆ ಬೀಳಲಿಲ್ಲ. ಎಂಜಿನ್ನನ್ನೂ ಒಮ್ಮೆ ನೋಡುತ್ತೇನೆ ಎಂದು ಮಾರಯ್ಯ ಕೇಳಿದ್ದಕ್ಕೆ, ಅದನ್ನು ಮುಟ್ಟಬೇಡ, ನಿನ್ನ ಕೆಲಸ ಬೆಸುಗೆ ಎಂದು ಸ್ವಾಮಿಯವರು ಹೇಳಿದರು. ಐದನೇ ಸಲ ನೀರು ಹೋದ ಮೇಲೆ, ನರಸೀಪುರದ ಪೆಟ್ರೋಲ್ ಬಂಕಿನಲ್ಲಿ ಮಾರಯ್ಯ ಸಿಕ್ಕಾಗ, ಹತ್ತು ಜನರೆದುರು, ಬೆಸುಗೆ ಬಾರದವನೆಂದೂ ಮೋಸಗಾರನೆಂದೂ ಬೈದರು. ನಿಮ್ಮವರಿಗೆ ಇಂಥ ಕೆಲಸ ಯಾಕೆ ಎಂದೂ ಒಂದು ಮಾತು ಸೇರಿಸಿದರು.

ಆ ಸಂಜೆ ಮನೆಗೆ ಬಂದ ಮಾರಯ್ಯ ಅದನ್ನು ಹೆಂಡತಿಗೆ ಹೇಳಿದ್ದು ಎರಡೇ ವಾಕ್ಯದಲ್ಲಿ. ಆಮೇಲೆ ಅವನು ನರಸೀಪುರದ ಕಡೆಯ ಕೆಲಸ ಒಪ್ಪಲಿಲ್ಲ. ಆದರೆ ಉಣ್ಣುವಾಗ, ಇಲ್ಲವೇ ಲಾರಿಯೊಂದರ ಕೆಳಗೆ ಮಲಗಿ ನಟ್ಟು ತಿರುಗಿಸುವಾಗ, ಕೈ ನಿಲ್ಲಿಸಿ ಕೇಳುತ್ತಿದ್ದ.

“ಆ ನೀರು ಎಲ್ಲಿಗೋಯ್ತದೆ ಸಾಕೀ?”

ಎರಡು ವರ್ಷ ಹೀಗೆ ಕೇಳಿದ. ಉತ್ತರ ಸಿಗುವ ಮುಂಚೆ ಎದೆನೋವೆಂದು ಕೂತವನು ಏಳಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಸಾಕಮ್ಮನಿಗೆ ಒಂದು ಫೋನು ಬಂತು. ಮಾತಾಡಿದವನು ಅಮೃತೇಶ್, ಗಂಗಾಧರಸ್ವಾಮಿಯವರ ಮಗ, ನರಸೀಪುರದಲ್ಲೇ ಸಿಮೆಂಟಿನ ಅಂಗಡಿ ಇಟ್ಟುಕೊಂಡವನು. ಮೈಸೂರಿನ ಹಳೇ ಕಾರುಗಳ ಶೋಕಿಯವರೊಬ್ಬರು ತಂದೆಯ ಕಾರನ್ನು ಕೇಳುತ್ತಿದ್ದಾರೆ, ಆದರೆ ನೀರು ಕುಡಿಯುವುದು ನಿಂತರೆ ಮಾತ್ರ ಒಯ್ಯುತ್ತಾರೆ ಎಂದ. ಮೂವರು ಮೆಕ್ಯಾನಿಕ್ಕುಗಳು ನೋಡಿದರು. ಎಂಜಿನ್ನಿನ ತಲೆಮುಚ್ಚಳವಾದ ಹೆಡ್ಡಿನ ಅಡಿಯ ಗ್ಯಾಸ್ಕೆಟ್ ಹೋಗಿದೆ ಎಂದರು. ಬಾನೆಟ್ ಎತ್ತಿ ನೋಡಿದರೆ ಆ ಎಂಜಿನ್ನಿಗೆ ಹೆಡ್ಡೇ ಇಲ್ಲ. ಕೈ ಒರೆಸಿಕೊಂಡು ಹೋದರು. ನಂಜನಗೂಡಿನ ರೇಡಿಯೇಟರ್ ಅಂಗಡಿಗೆ ಕೇಳಿ ನೋಡು ಎಂದು ತಂದೆಯೇ ಹೇಳಿದರಂತೆ.

ಆಗುವುದಿಲ್ಲ ಎನ್ನಬೇಕೆಂದೇ ಸಾಕಮ್ಮ ಬಾಯಿ ತೆರೆದಳು. ಬುಧವಾರ ಬರುತ್ತೇನೆ ಎಂಬ ಮಾತು ಹೊರಬಿತ್ತು.

ಬುಧವಾರ ಸ್ಪ್ಯಾನರ್ ಚೀಲ, ನೀರಿನ ಬಾಟಲಿ, ಮತ್ತು ಮಾರಯ್ಯ ಮಾಡಿಕೊಂಡಿದ್ದ ಒಂದು ಸಾಧನ ಹಿಡಿದು ಅವಳು ಬಸ್ಸು ಹತ್ತಿದಳು. ಸಾಧನವೆಂದರೆ ಒಂದು ಸೈಕಲ್ ಪಂಪು. ಅದರ ತುದಿಗೆ ಹಳೇ ರೇಡಿಯೇಟರ್ ಮುಚ್ಚಳ ಬೆಸೆದು, ಪಕ್ಕದಲ್ಲಿ ಒತ್ತಡ ತೋರಿಸುವ ಗೇಜು ಕೂರಿಸಿದ್ದ. ಕಪಿಲೆಯ ಸೇತುವೆ ದಾಟಿ ಊರೊಳಗೆ ಬಸ್ಸು ನಿಂತಾಗ ಎಂಟು ವರ್ಷವಾದ ಮೇಲೆ ಇಲ್ಲಿಗೆ ಬಂದೆನಲ್ಲ ಎನಿಸಿತು.

ಮನೆಯ ಹಿಂದಿನ ಶೆಡ್ಡಿನಲ್ಲಿ ಕಾರು ನಿಂತಿತ್ತು. ನೆಲಕ್ಕೆ ಅಂಟಿದಂತೆ ತಗ್ಗಾದ, ಬಿಸಿಲಿಗೆ ಕೆಂಪು ಬಣ್ಣ ಮಾಸಿದ ಎರಡು ಬಾಗಿಲ ಕಾರು. ಅದರ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗಂಗಾಧರಸ್ವಾಮಿ ಕೂತಿದ್ದರು. ಎಪ್ಪತ್ತೆಂಟು ದಾಟಿದ ವಯಸ್ಸು. ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ಎರಡೂ ಕೈ ಸಣ್ಣಗೆ ನಡುಗುತ್ತಿದ್ದವು.

“ನೀನು ಮಾರಯ್ಯನ ಹೆಂಡ್ತೀನಾ?”

“ಊಂ ಸಾ.”

“ಹೋಗಿಬಿಟ್ಟನಂತೆ.”

“ಆರು ವರ್ಸ ಆಯ್ತು.”

ಸೊಸೆ ಲಿಖಿತಾ ಕಾಗದದ ಲೋಟದಲ್ಲಿ ಕಾಫಿ ತಂದು ಜಗಲಿಯ ತುದಿಗಿಟ್ಟು ಹೋದಳು. ಸಾಕಮ್ಮ ಕುಡಿದು, ಲೋಟವನ್ನು ಮುದುರಿ ತನ್ನ ಚೀಲಕ್ಕೇ ಹಾಕಿಕೊಂಡಳು.

ಮೊದಲು ಹೊರಗಿನ ಸೋರಿಕೆ ಇದೆಯೇ ನೋಡಬೇಕು. ರೇಡಿಯೇಟರಿಗೆ ಕಂಠಮಟ್ಟ ನೀರು ತುಂಬಿ, ಕಾರಿನ ಕೆಳಗೆ ಉದ್ದಕ್ಕೂ ಹಳೇ ಪೇಪರ್ ಹಾಸಿದಳು. ಸೈಕಲ್ ಪಂಪಿನ ಮುಚ್ಚಳ ಬಿಗಿದು ಗಾಳಿ ಹೊಡೆದಳು. ಮುಳ್ಳು ಏರಿ ನಿಂತಿತು. ಟಾರ್ಚು ಹಿಡಿದು ರಬ್ಬರ್ ಪೈಪುಗಳ ಒಂದೊಂದು ಕುತ್ತಿಗೆಯನ್ನೂ ಬೆರಳಿಂದ ಸವರಿದಳು. ಒಣಗಿದ್ದವು. ನೀರು ತಳ್ಳುವ ಪಂಪಿನ ಕೆಳಗೆ ಸವರಿದಳು. ಅದೂ ಒಣ. ಹೀಟರಿನ ನೀರು ಕಾರಿನೊಳಗೆ ಸೋರುವುದುಂಟೆಂದು ಸೀಟಿನ ಮುಂದಿನ ಕಾರ್ಪೆಟ್ಟು ಎತ್ತಿ ಕೈಯಿಟ್ಟಳು. ಧೂಳು ಮಾತ್ರ. ಒಂದು ಗಂಟೆ ಬಿಟ್ಟು ನೋಡಿದರೆ ಪೇಪರಿನ ಮೇಲೆ ಒಂದು ಹನಿಯಿಲ್ಲ. ಆದರೆ ಗೇಜಿನ ಮುಳ್ಳು ಅರ್ಧಕ್ಕೆ ಇಳಿದಿತ್ತು.

ಹೊರಗೆ ಬರದ ನೀರು ಒಳಗೆ ಹೋಗಿರಬೇಕು. ಅವಳು ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗುಗಳನ್ನು ಬಿಚ್ಚಿದಳು. ಆ ಎಂಜಿನ್ನಿಗೆ ನಾಲ್ಕು ಪ್ಲಗ್ಗು, ಮುಂದೆ ಎರಡು, ಹಿಂದೆ ಎರಡು. ದೊಡ್ಡ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಿಂದಲೇ ನಿಧಾನ ತಿರುಗಿಸಿದಳು. ಮುಂದಿನ ಪ್ಲಗ್ಗಿನ ತೂತಿನಿಂದ ಪಿಚಕ್ಕನೆ ಒಂದು ಗುಟುಕು ನೀರು ಹಾರಿ ಅವಳ ರವಿಕೆಯ ತೋಳಿಗೆ ಬಿತ್ತು. ತುಕ್ಕಿನ ಬಣ್ಣದ ನೀರು.

ಅದು ಸಾಲದೆಂದು, ಪ್ಲಗ್ಗು ಮತ್ತೆ ಹಾಕಿ ಅಮೃತೇಶನಿಗೆ ಸ್ಟಾರ್ಟ್ ಮಾಡಲು ಹೇಳಿದಳು. ಎಂಜಿನ್ ಕೆಮ್ಮಿ ಕೆಮ್ಮಿ ಹತ್ತಿಕೊಂಡು, ಸೈಲೆನ್ಸರಿನಿಂದ ಬಿಳಿ ಹೊಗೆ ಎದ್ದು ಶೆಡ್ಡು ತುಂಬಿತು. ಅವಳು ತೆರೆದ ರೇಡಿಯೇಟರಿನ ಬಾಯಿಗೆ ಬಗ್ಗಿದಳು. ನೀರಿನ ಮೇಲೆ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಒಂದು, ಇನ್ನೊಂದು, ಬಿಡದೆ ಸಾಲಾಗಿ. ಮೂವತ್ತು ವರ್ಷ ಅವಳು ರೇಡಿಯೇಟರಿನಿಂದ ಹೊರಬೀಳುವ ಗಾಳಿಯನ್ನು ನೋಡಿದ್ದಳು. ಇಲ್ಲಿ ಎಂಜಿನ್ನೇ ರೇಡಿಯೇಟರಿಗೆ ಗಾಳಿ ಊದುತ್ತಿತ್ತು. ಎಂಜಿನ್ನಿನೊಳಗೆ ಪೆಟ್ರೋಲ್ ಉರಿಯುವ ಮನೆಗೂ ನೀರಿನ ದಾರಿಗೂ ನಡುವಿನ ತಡೆ ಒಡೆದಿದೆ. ಓಡುವಾಗ ಗಾಳಿ ನೀರಿಗೆ ನುಗ್ಗುತ್ತದೆ. ನಿಂತಾಗ ನೀರು ಒಳಕ್ಕೆ ಇಳಿಯುತ್ತದೆ. ಮರುದಿನ ಹೊಗೆಯಾಗಿ ಹೋಗುತ್ತದೆ.

ಅವಳು ಬಗ್ಗಿದಂತೆಯೇ ಬಹಳ ಹೊತ್ತು ನಿಂತಳು. ಅಮೃತೇಶ್ ಏನಾಯಿತೆಂದು ಕೇಳಿದ. ಉತ್ತರ ಸಿಕ್ಕಿತ್ತು, ಕೇಳಬೇಕಾದವನು ಮಾತ್ರ ಇರಲಿಲ್ಲ.

“ರೇಡಿಯೇಟರ್ ಸರ್ಯಾಗೇ ಅದೆ ಸಾ,” ಎಂದು ಅವಳು ಗಂಗಾಧರಸ್ವಾಮಿಯವರ ಕಡೆ ತಿರುಗಿ ಹೇಳಿದಳು. “ಆವತ್ತೂ ಸರ್ಯಾಗೇ ಇತ್ತು. ನೀರು ಎಂಜಿನ್ ಒಳೀಕೆ ಓಯ್ತಾ ಅದೆ.”

ಸ್ವಾಮಿಯವರು ಎದ್ದು ಒಳಗೆ ಹೋಗಿ, ಅರ್ಧ ಗಂಟೆ ಬಿಟ್ಟು, ಬಟ್ಟೆಯಲ್ಲಿ ಸುತ್ತಿದ ಒಂದು ದಪ್ಪ ಪುಸ್ತಕ ತಂದರು. ಕಾರಿನ ಜೊತೆ ಸಿಂಗಪುರದಲ್ಲಿ ಕೊಂಡದ್ದು, ಎಂಜಿನ್ ಬಿಚ್ಚುವ ಬಗೆಯೆಲ್ಲ ಚಿತ್ರಸಹಿತ ಇಂಗ್ಲಿಷಿನಲ್ಲಿತ್ತು. ಅವರು ಅದನ್ನು ಎಷ್ಟೋ ಸಲ ಓದಿದ್ದರು. ಒಂದು ನಟ್ಟನ್ನೂ ತಿರುಗಿಸಿದವರಲ್ಲ. ಈಗ ಓದಿ ಹೇಳತೊಡಗಿದರು. ಇದರಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ ಇಲ್ಲ. ಕಡಲೆಕಾಯಿ ಸಿಪ್ಪೆಯ ಆಕಾರದ ಗೂಡಿನಲ್ಲಿ ಮೂರು ಮೂಲೆಯ ಒಂದು ಉಕ್ಕಿನ ಗಟ್ಟಿ ತಿರುಗುತ್ತದೆ. ಅಂಥ ಗೂಡು ಎರಡು. ಅವುಗಳ ಆಚೀಚೆ ಮತ್ತು ನಡುವೆ ಎರಕದ ಕಬ್ಬಿಣದ ದಪ್ಪ ತಟ್ಟೆಗಳು. ಎಲ್ಲವನ್ನೂ ಒಂದರ ಪಕ್ಕ ಒಂದು ಜೋಡಿಸಿ, ಈ ತುದಿಯಿಂದ ಆ ತುದಿಗೆ ಹಾಯುವ ಉದ್ದನೆಯ ಬೋಲ್ಟುಗಳಿಂದ ಬಿಗಿದಿದ್ದಾರೆ. ತಟ್ಟೆಗೂ ಗೂಡಿಗೂ ನಡುವೆ ನೀರು ಹಾಯುತ್ತದೆ. ಅದು ಒಳಕ್ಕೆ ನುಗ್ಗದಂತೆ ತಡೆಯುವುದು ತಟ್ಟೆಯಲ್ಲಿ ಕೊರೆದ ಸಣ್ಣ ಕಾಲುವೆಗಳಲ್ಲಿ ಕೂತ ರಬ್ಬರ್ ಉಂಗುರಗಳು.

“ಇಡ್ಲಿ ತಟ್ಟೆ ಜೋಡಿಸ್ದಂಗೆ,” ಎಂದಳು ಸಾಕಮ್ಮ.

ಸ್ವಾಮಿಯವರು ಚಿತ್ರವನ್ನು ಮತ್ತೊಮ್ಮೆ ನೋಡಿ, ಹೌದು ಎಂದರು.

ಹಾಗೆ ಕೆಲಸ ಶುರುವಾಯಿತು. ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶನಿವಾರ. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಅವಳು ಮರಳುತ್ತಿದ್ದಳು. ಊರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ನಟರಾಜ್ ಚೈನ್ ಪುಲ್ಲಿ ತಂದು ಎಂಜಿನ್ ಎತ್ತಿ ಕೊಟ್ಟ. ಇಷ್ಟು ಚಿಕ್ಕ ಎಂಜಿನ್ ಕಾರು ಎಳೆಯುತ್ತದೆಯೇ ಎಂದು ನಕ್ಕು, ಮುಂದಿನದು ತನಗೆ ಬಾರದೆಂದು ಹೇಳಿ ಹೋದ. ಬಿಚ್ಚಿದ ಸಣ್ಣ ಸ್ಪ್ರಿಂಗು, ಪಟ್ಟಿಗಳು ಲೆಕ್ಕವಿಲ್ಲದಷ್ಟು. ಯಾವ ಮೂಲೆಯಿಂದ ಬಂದದ್ದು ಅದೇ ಮೂಲೆಗೆ ಹೋಗಬೇಕು. ಅದಕ್ಕಾಗಿ ಸಾಕಮ್ಮ ನಂಜನಗೂಡಿನಿಂದ ಮೂರು ಮೊಟ್ಟೆ ಟ್ರೇ ತಂದು, ಗುಳಿಗಳಿಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಆ ಮನೆಗೆ ಮೊಟ್ಟೆ ಟ್ರೇ ಬಂದದ್ದು ಅದೇ ಮೊದಲು. ಲಿಖಿತಾ ಅದನ್ನು ನೋಡಿ ಮಾವನ ಮುಖ ನೋಡಿದಳು. ಮಾವ ಪುಸ್ತಕದಿಂದ ತಲೆ ಎತ್ತಲಿಲ್ಲ.

ಅವರು ಓದುವುದು, ಅವಳು ಬಿಚ್ಚುವುದು. ಮೊದಮೊದಲು ಅವರು ಓದಿದ್ದು ಅವಳಿಗೆ ಅರ್ಥವಾಗುತ್ತಿರಲಿಲ್ಲ, ಅವಳು ಕೇಳಿದ್ದು ಅವರಿಗೆ ತಿಳಿಯುತ್ತಿರಲಿಲ್ಲ. ಎರಡು ವಾರದಲ್ಲಿ ಹೊಂದಿಕೆ ಬಂತು. ಲಿಖಿತಾ ತವರಿಗೆ ಹೋಗಿದ್ದ ಒಂದು ಶನಿವಾರ ಸ್ವಾಮಿಯವರೇ ಕಾಫಿ ಮಾಡಿ, ಎರಡು ಸ್ಟೀಲ್ ಲೋಟದಲ್ಲಿ ತಂದರು. ಕೈ ನಡುಗಿ ಅರ್ಧ ತಟ್ಟೆಗೆ ಚೆಲ್ಲಿತ್ತು. ಸಕ್ಕರೆ ಹಾಕಲು ಮರೆತಿದ್ದರು. ಇಬ್ಬರೂ ಹಾಗೆಯೇ ಕುಡಿದರು.

ಮಾರ್ಚಿನ ಎರಡನೇ ಬುಧವಾರ ಉದ್ದದ ಬೋಲ್ಟುಗಳೆಲ್ಲ ಹೊರಬಂದವು. ಸಾಕಮ್ಮ ಮುಂದಿನ ತಟ್ಟೆಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಎತ್ತಿದಳು. ಒಳಗಿನ ರಬ್ಬರ್ ಉಂಗುರ ಒಣಗಿದ ಹುಣಸೆ ಸಿಪ್ಪೆಯಂತೆ ಗಟ್ಟಿಯಾಗಿ, ಬೆರಳಿಂದ ಒತ್ತಿದರೆ ತುಂಡಾಯಿತು. ಅದು ಅವಳಿಗೆ ಆಶ್ಚರ್ಯವಲ್ಲ; ಮೂವತ್ತು ಚಿಲ್ಲರೆ ವರ್ಷದ ರಬ್ಬರು ಇನ್ನೇನಾಗುತ್ತದೆ. ಆದರೆ ಪ್ಲಗ್ಗುಗಳ ಕಡೆ, ಹೆಚ್ಚು ಕಾವೇರುವ ಜಾಗದಲ್ಲಿ, ಉಂಗುರ ಕೂರುವ ಕಾಲುವೆಯ ಒಳಗೋಡೆಯೇ ಇರಲಿಲ್ಲ. ಒಂದು ಬೆರಳುದ್ದ ಕಬ್ಬಿಣ ತುಕ್ಕು ತಿಂದು ಉದುರಿಹೋಗಿತ್ತು. ಸುತ್ತ ನೀರಿನ ದಾರಿಯ ತುಂಬ ಬಿಳಿಯ ಗಸಿ, ಕಂದು ತುಕ್ಕು. ಉಗುರಿನಿಂದ ಗೀರಿದಳು. ಪುಡಿ ಬೆರಳಿಗೆ ಹತ್ತಿತು.

ಈ ಬಿಳಿ ಗಸಿ ಅವಳಿಗೆ ಗೊತ್ತು. ಬೋರ್‌ವೆಲ್ ನೀರು ಸುರಿದ ರೇಡಿಯೇಟರುಗಳಲ್ಲಿ ದಿನವೂ ಕೆರೆದು ತೆಗೆಯುವಂಥದ್ದೇ. ತುಕ್ಕು ತಡೆಯುವ ಕೂಲಂಟ್ ದ್ರವ ಹಾಕಿದ್ದರೆ ಇದು ಕಟ್ಟುತ್ತಿರಲಿಲ್ಲ.

“ಕೂಲಂಟ್ ಆಕ್ತಿರ್ಲಿಲ್ವಾ ಸಾ?”

ಸ್ವಾಮಿಯವರು ಕನ್ನಡಕ ತೆಗೆದು ತಟ್ಟೆಯ ಮೇಲೆ ಬಗ್ಗಿದರು. ಮುಟ್ಟಿ ನೋಡಿದರು.

“ಬೋರಿನ ನೀರೇ ಹಾಕ್ತಿದ್ದೆ,” ಎಂದರು. ಬೆರಳಿಗೆ ಹತ್ತಿದ ಪುಡಿಯನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಹೇಳಿದರು. “ಅವನು ಹೇಳಿದ್ದ. ಬೋರ್ ನೀರು ಹಾಕಬೇಡಿ, ಕೂಲಂಟ್ ಹಾಕಿ ಅಂತ. ಮೊದಲನೇ ಸಲಾನೇ ಹೇಳಿದ್ದ. ವ್ಯಾಪಾರಕ್ಕೆ ಹೇಳ್ತಾನೆ ಅಂದ್ಕೊಂಡೆ.”

ಸಾಕಮ್ಮ ತಟ್ಟೆಯನ್ನು ಗೋಣಿಚೀಲದ ಮೇಲೆ ಮಲಗಿಸಿದಳು. ಕೈ ಒರೆಸಿಕೊಂಡಳು. ಈ ಗಳಿಗೆ ಬಂದರೆ ಏನೇನು ಹೇಳಬೇಕೆಂದು ಎಂಟು ವರ್ಷದಲ್ಲಿ ಎಷ್ಟೋ ಸಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳು. ಈಗ ಎದುರಿಗೆ ನಡುಗುವ ಕೈಯ ಮುದುಕ.

“ಅವತ್ತು ನಾನು ಆಡಿದ್ದು ತಪ್ಪು,” ಎಂದರು ಸ್ವಾಮಿಯವರು.

“ನನ್ ತಾವ ಯೋಳಿ ಏನ್ ಬಂತು ಸಾ,” ಎಂದಳು ಅವಳು. “ನೀವು ಅಂದಿದ್ದು ಬಂಕ್ನಲ್ಲಿ. ಯೋಳೋದಾದ್ರೆ ಅಲ್ಲೇ ಯೋಳಿ.”

ಅವಳ ದನಿ ಏರಲಿಲ್ಲ. ಆ ದಿನ ಅವಳು ಒಂದು ಗಂಟೆ ಮುಂಚೆಯೇ ಹೊರಟು, ಬಸ್ಸಿಗಾಗಿ ನಿಲ್ದಾಣದಲ್ಲಿ ಕೂತಳು. ಹೇಳಿದ್ದಕ್ಕೆ ಹಗುರವೂ ಆಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಇದನ್ನು ಯಾರಿಗಾದರೂ ಹೇಳಬೇಕೆನಿಸಿ ಫೋನು ತೆಗೆದಳು. ಪವಿತ್ರ ಶಿಫ್ಟಿನಲ್ಲಿರುವ ಹೊತ್ತು. ಫೋನನ್ನು ಮತ್ತೆ ಚೀಲಕ್ಕೆ ಹಾಕಿದಳು.

ಉದುರಿದ ಗೋಡೆಗೆ ಬೆಸುಗೆ ನಡೆಯದು. ಕಾವಿಗೆ ಎರಕದ ಕಬ್ಬಿಣ ಸೊಟ್ಟಾಗುತ್ತದೆ, ಸೊಟ್ಟಾದ ತಟ್ಟೆ ಎಂದೂ ಕೂಡಿ ಕೂರದು. ಬೇರೆ ತಟ್ಟೆಯೇ ಬೇಕು. ಅಮೃತೇಶ್ ಎಲ್ಲೆಲ್ಲೋ ವಿಚಾರಿಸಿ, ಕೊಯಮತ್ತೂರಿನಲ್ಲಿ ರೇಸ್ ಕಾರುಗಳ ಕೆಲಸ ಮಾಡುವ ಒಬ್ಬರಲ್ಲಿ ಅದೇ ಎಂಜಿನ್ನಿನ ಹಳೇ ತಟ್ಟೆ ಇರುವುದನ್ನು ಪತ್ತೆಮಾಡಿದ. ಹೊಸ ರಬ್ಬರ್ ಉಂಗುರಗಳೂ ಅವರಿಂದಲೇ ಬಂದವು. ಅಷ್ಟರಲ್ಲಿ ಐದು ವಾರ ಕಳೆಯಿತು. ಆ ಐದು ವಾರ ಸಾಕಮ್ಮನಿಗೆ ನರಸೀಪುರದಲ್ಲಿ ಕೆಲಸವಿರಲಿಲ್ಲ. ಬುಧವಾರ ಬೆಳಿಗ್ಗೆ ಎದ್ದಾಗ ಮೈ ತಾನಾಗಿ ಬಸ್ಸಿನ ಹೊತ್ತಿಗೆ ಸಿದ್ಧವಾಗುತ್ತಿತ್ತು.

ಏಪ್ರಿಲ್ ಕೊನೆಗೆ ಜೋಡಣೆ. ತಟ್ಟೆಗಳ ಕಾಲುವೆಗಳನ್ನೆಲ್ಲ ತೊಳೆದು ಒರೆಸಿ, ಹೊಸ ಉಂಗುರಗಳು ಜಾರದಂತೆ ತೆಳ್ಳಗೆ ವ್ಯಾಸಲಿನ್ ಸವರಿ, ಒಂದೊಂದನ್ನೂ ಬೆರಳ ತುದಿಯಿಂದ ಒತ್ತುತ್ತ ಕೂರಿಸಿದಳು. ಎಲ್ಲಿಯೂ ತಿರುಚಿರಬಾರದು, ಒಂದು ಎಳೆ ಹೊರಗೆ ಇಣುಕಬಾರದು. ತಟ್ಟೆ, ಗೂಡು, ತಟ್ಟೆ, ಗೂಡು, ತಟ್ಟೆ. ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಗಿಯುವಂತಿಲ್ಲ. ಪುಸ್ತಕದಲ್ಲಿದ್ದ ಅನುಕ್ರಮದಂತೆ ಸ್ವಾಮಿಯವರು ಸಂಖ್ಯೆ ಕೂಗಿದರು, ಅವಳು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಮೂರು ಸುತ್ತು ಬಂದಳು. ನಟರಾಜ್ ಮತ್ತೆ ಬಂದು ಎಂಜಿನ್ನನ್ನು ಕಾರಿಗಿಳಿಸಿದ. ರೇಡಿಯೇಟರಿಗೆ ಈ ಸಲ ಹಸಿರು ಕೂಲಂಟು. ಸೈಕಲ್ ಪಂಪು ಹಾಕಿ ಒತ್ತಡ ಏರಿಸಿ, ಮುಳ್ಳನ್ನೇ ನೋಡುತ್ತ ಕೂತರು. ಒಂದು ಗಂಟೆ. ಎರಡು ಗಂಟೆ. ಮುಳ್ಳು ಕದಲಲಿಲ್ಲ.

ಎಂಜಿನ್ ಹತ್ತಿಕೊಂಡಾಗ ಮೊದಲು ನೀಲಿ ಹೊಗೆ ಬಂತು, ಜೋಡಿಸುವಾಗ ಹಾಕಿದ ಎಣ್ಣೆ ಉರಿದದ್ದು. ಹತ್ತು ನಿಮಿಷಕ್ಕೆ ತಿಳಿಯಾಯಿತು. ಆ ಎಂಜಿನ್ನಿನ ಸದ್ದು ಬೇರೆ ಗಾಡಿಗಳಂತಲ್ಲ. ಬಡಿತವಿಲ್ಲದೆ ಒಂದೇ ಎಳೆಯಾಗಿ ಗುಂಯ್‌ಗುಡುತ್ತದೆ. ಸಾಕಮ್ಮ ರೇಡಿಯೇಟರಿನ ಬಾಯಿಗೆ ಬಗ್ಗಿ ಬಹಳ ಹೊತ್ತು ನೋಡಿದಳು. ನೀರು ಸುಮ್ಮನೆ ಸುತ್ತುತ್ತಿತ್ತು. ಗುಳ್ಳೆಯಿಲ್ಲ. ಆದರೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನೋಡದೆ ನಂಬುವಂತಿಲ್ಲವೆಂದು ಹೇಳಿ ಊರಿಗೆ ಬಂದಳು. ಮರುದಿನ ಬೆಳಿಗ್ಗೆ ಆರಕ್ಕೇ ಸ್ವಾಮಿಯವರ ಫೋನು. ನೀರು ಒಂದು ನೂಲಿನಷ್ಟೂ ಇಳಿದಿಲ್ಲ ಎಂದರು. ಒಂದು ವಾರ ದಿನವೂ ಹಾಗೆ ಫೋನು ಬಂತು, ಅದೇ ಮಾತು.

ಮೈಸೂರಿನವರು ಕಾರು ಒಯ್ಯುವ ಹಿಂದಿನ ದಿನ ಅದನ್ನು ಕೊನೆಯದಾಗಿ ಒಮ್ಮೆ ನೋಡಲು ಸ್ವಾಮಿಯವರು ಸಾಕಮ್ಮನನ್ನು ಕರೆದರು. ಅವಳು ಬಂದಾಗ ಸ್ವಾಮಿಯವರು ಬಿಳಿ ಜುಬ್ಬ ತೊಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು, ಅಮೃತೇಶ್ ಸ್ಟೀರಿಂಗಿನ ಮುಂದೆ. ಹಿಂದೆ ಮಗುವಿಗೂ ಸಾಲದಂಥ ಸೀಟು. ಸಾಕಮ್ಮ ಸ್ಪ್ಯಾನರ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುದುರಿ ಕೂತಳು. ಎಲ್ಲಿಗೆಂದು ಯಾರೂ ಹೇಳಲಿಲ್ಲ. ಕಾರು ಪೆಟ್ರೋಲ್ ಬಂಕಿನಲ್ಲಿ ನಿಂತಿತು.

ಬಂಕು ಬದಲಾಗಿತ್ತು. ಹೊಸ ಚಾವಣಿ, ಹೊಸ ಮೆಷಿನ್ನು. ಆಗಿನ ಮಾಲೀಕ ಮಾರಿಕೊಂಡು ಹೋಗಿದ್ದ. ಅವತ್ತು ಅಲ್ಲಿ ನಿಂತು ಕೇಳಿದ್ದ ಹತ್ತು ಜನರಲ್ಲಿ ಒಬ್ಬರೂ ಕಾಣಲಿಲ್ಲ. ಪೆಟ್ರೋಲ್ ಹಾಕುವ ಇಬ್ಬರು ಹೆಣ್ಣುಮಕ್ಕಳು, ತಲಕಾಡಿನ ಕಡೆಗೆ ಹೊರಟ ಒಂದು ಟೆಂಪೋ, ಬೈಕಿನ ಮೇಲೊಬ್ಬ. ಎಲ್ಲರೂ ಕಾರನ್ನು ನೋಡುತ್ತಿದ್ದರು. ಸ್ವಾಮಿಯವರು ಬಾಗಿಲು ತೆಗೆದು, ಮಗ ಹಿಡಿಯಲು ಬಂದ ಕೈಯನ್ನು ಬೇಡವೆಂದು, ತಾವೇ ಇಳಿದು ನಿಂತರು.

“ನಂಜನಗೂಡಿನ ಮಾರಯ್ಯನವರು ಅಂತ ಇದ್ದರು,” ಎಂದರು, ಗಟ್ಟಿಯಾಗಿಯೇ. “ಈ ಕಾರಿನ ರೇಡಿಯೇಟರ್ ಅವರು ರಿಪೇರಿ ಮಾಡಿದ್ದು. ಸರಿಯಾಗೇ ಮಾಡಿದ್ದರು. ನಾನು ಇದೇ ಜಾಗದಲ್ಲಿ ಅವರಿಗೆ ಮೋಸಗಾರ ಅಂದೆ. ಅವರ ಜಾತಿಯನ್ನೂ ಎತ್ತಿ ಆಡಿದೆ. ತಪ್ಪು ನನ್ನದು. ಅವರದಲ್ಲ.”

ಪೆಟ್ರೋಲ್ ಹಾಕುವ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಬೈಕಿನವನು ಯಾರ ವಿಷಯ ಎಂದು ಅಮೃತೇಶನನ್ನು ಕೇಳಿದ. ಟೆಂಪೋದವನು ಚಿಲ್ಲರೆ ತೆಗೆದುಕೊಂಡು ಹೊರಟೇಹೋದ. ಅವರಲ್ಲಿ ಯಾರೂ ಮಾರಯ್ಯನನ್ನು ಕಂಡವರಲ್ಲ. ಅವನ ಮರ್ಯಾದೆ ಹೋದದ್ದೂ ಗೊತ್ತಿಲ್ಲ, ಮರಳಿದ್ದೂ ಗೊತ್ತಾಗಲಿಲ್ಲ.

ಸಾಕಮ್ಮ ಹಿಂದಿನ ಸೀಟಿನಿಂದಲೇ ಕೇಳಿದಳು. ‘ಮಾರಯ್ಯನವರು’ ಎಂದು ಬಹುವಚನದಲ್ಲಿ ಗಂಡನ ಹೆಸರನ್ನು ಬೇರೊಬ್ಬರ ಬಾಯಲ್ಲಿ ಕೇಳಿದ್ದು ಅವಳಿಗೆ ನೆನಪಿರಲಿಲ್ಲ. ಅಳು ಬರುತ್ತದೆಂದುಕೊಂಡಿದ್ದಳು. ಬರಲಿಲ್ಲ. ಕಾರಿನ ಸಣ್ಣ ಕಿಟಕಿಯಿಂದ ಬಂಕಿನ ಬಿಸಿಲನ್ನು ನೋಡುತ್ತ ಕೂತಳು.

“ಆಯ್ತಾ ಸಾಕಮ್ಮ?” ಸ್ವಾಮಿಯವರು ಒಳಗೆ ಬಗ್ಗಿ ಕೇಳಿದರು. ಅವರ ಉಸಿರು ಏರಿತ್ತು.

“ಆಯ್ತು ಸಾ. ಕೂತ್ಕಳಿ, ಬಿಸ್ಲು.”

ಕಾರು ಮೈಸೂರಿಗೆ ಹೋಯಿತು. ನೀರು ಕುಡಿಯುವುದು ನಿಂತಿತೆಂದು ಅಲ್ಲಿಂದಲೂ ಸುದ್ದಿ ಬಂತು. ನಟರಾಜನ ಬಾಯಿಂದ ಬಾಯಿಗೆ ಹರಡಿ, ಎಂಜಿನ್ನೊಳಗೆ ನೀರು ಸೇರುವ ಗಾಡಿಗಳೂ ಸಾಕಮ್ಮನ ಶೆಡ್ಡಿಗೆ ಬರತೊಡಗಿದವು. ಕೆಲಸ ಹೆಚ್ಚಾಯಿತು, ಮನೆಗೆ ಹೋದರೆ ಮಾತಾಡುವವರು ಹೆಚ್ಚಾಗಲಿಲ್ಲ. ಗಂಡ ಬಿಟ್ಟುಹೋದ ಪ್ರಶ್ನೆಯೊಂದು ಇಷ್ಟು ವರ್ಷ ಅವಳೊಡನಿತ್ತು, ಉತ್ತರ ಹುಡುಕುವ ಕೆಲಸವಾದರೂ ಇತ್ತು. ಈಗ ಅದೂ ಮುಗಿದಿತ್ತು.

ಜೂನಿನ ಒಂದು ಬುಧವಾರ ಅವಳು ಶೆಡ್ಡಿಗೆ ಬೀಗ ಹಾಕಿ ನರಸೀಪುರದ ಬಸ್ಸು ಹತ್ತಿದಳು. ಕೇಳಿದರೆ ಹೇಳಲೆಂದು ಒಂದು ನೆಪವನ್ನೂ ಇಟ್ಟುಕೊಂಡಿದ್ದಳು: ಹನ್ನೆರಡರ ಸ್ಪ್ಯಾನರ್ ಒಂದು ಅಲ್ಲೇ ಉಳಿದಿರಬೇಕು. ಗೇಟು ತೆಗೆದದ್ದು ಲಿಖಿತಾ. ಮಾವನನ್ನು ನಾದಿನಿ ಕಣ್ಣಿನ ಆಪರೇಷನ್ನಿಗೆಂದು ಮೈಸೂರಿಗೆ ಕರೆದುಕೊಂಡು ಹೋಗಿದ್ದಾಳೆ, ಮಳೆಗಾಲ ಕಳೆಯುವ ತನಕ ಅಲ್ಲೇ ಇರುತ್ತಾರೆ, ಬರುವುದು ಯಾವಾಗಲೋ ಎಂದಳು. ಸ್ಪ್ಯಾನರ್ ಹುಡುಕಿ ನೋಡಿ ಎಂದು ಶೆಡ್ಡಿನ ಬಾಗಿಲು ತೆಗೆದಳು. ಒಳಗೆ ಅಟ್ಟದವರೆಗೆ ಸಿಮೆಂಟ್ ಮೂಟೆ. ಕಾಫಿ ಕುಡಿದು ಹೋಗಿ ಎಂದಳು ಲಿಖಿತಾ. ಬಸ್ಸಿಗೆ ಹೊತ್ತಾಯಿತು ಎಂದಳು ಸಾಕಮ್ಮ.

ನಿಲ್ದಾಣದಲ್ಲಿ ನಿಂತಿದ್ದದ್ದು ಅವಳನ್ನು ಕರೆತಂದ ಬಸ್ಸೇ. ಕಂಡಕ್ಟರ್ ಗುರುತು ಹಿಡಿದ.

“ಈಗ್ತಾನೇ ಬಂದ್ರಲ್ಲಮ್ಮ?”

“ಊಂ. ಕೆಲ್ಸ ಇರ್ಲಿಲ್ಲ,” ಎಂದು ಹೇಳಿ, ನಂಜನಗೂಡಿಗೆ ಒಂದು ಟಿಕೆಟ್ ತೆಗೆದುಕೊಂಡು, ಸಾಕಮ್ಮ ಕಿಟಕಿಯ ಪಕ್ಕ ಕೂತಳು.